ಹಳೇ ಜೀಪಿಗೆ ಸರಿಹೊಂದೋ ಗೇರು, ಆಕ್ಸಲ್ ಸ್ಪೇರ್ ಹುಡುಕೋದು ಹೇಗೆ

ಮಲೆನಾಡು, ಕೊಡಗಿನ ತೋಟಗಳಲ್ಲಿ ಹಳೇ ಮಹೀಂದ್ರಾ ಜೀಪುಗಳು ಇನ್ನೂ ಓಡ್ತಾ ಇವೆ, ಆದ್ರೆ ಅಂಗಡೀಲಿ ಬರೀ ಮಾಡೆಲ್ ಹೆಸರು ಹೇಳಿ ಸ್ಪೇರ್ ಕೇಳ್ಬೇಡಿ, ಯಾಕಂದ್ರೆ ಇಷ್ಟು ವರ್ಷದಲ್ಲಿ ಯಾರೋ ಗೇರ್‌ಬಾಕ್ಸ್ ಬದಲಾಯಿಸಿರ್ತಾರೆ, ಇನ್ಯಾರೋ ಬೇರೆ ಗಾಡಿದು ಆಕ್ಸಲ್ ಕೂರಿಸಿರ್ತಾರೆ, ಆರ್‌ಸೀಲಿ ಇರೋದೇ ಒಂದು ಗಾಡಿ ಕೆಳಗಿರೋದೇ ಇನ್ನೊಂದು. ಹಳೇ ಪಾರ್ಟ್ ಬಿಚ್ಚಿ, ತೊಳ್ದು, ಕೈಲೇ ತಗೊಂಡು ಹೋಗಿ.

ಕ್ರೌನ್ ಪಿನಿಯನ್, ಅಂದ್ರೆ ಆಕ್ಸಲ್ ಮಧ್ಯದಲ್ಲಿರೋ ದೊಡ್ಡ ಗೇರು (ಕ್ರೌನ್), ಅದನ್ನ ತಿರುಗಿಸೋ ಸಣ್ಣ ಗೇರು (ಪಿನಿಯನ್), ಆದ್ರೆ ಹಲ್ಲು ಎಣಿಸ್ಲೇಬೇಕು. ಕ್ರೌನಿನ ಹಲ್ಲನ್ನ ಪಿನಿಯನ್ ಹಲ್ಲಿಂದ ಭಾಗಿಸಿದ್ರೆ ರೇಶಿಯೋ ಸಿಗತ್ತೆ, 43ಕ್ಕೆ 8 ಇದ್ರೆ 5.38, 39ಕ್ಕೆ 8 ಇದ್ರೆ 4.88. ಹಿಂದಿನ ಆಕ್ಸಲ್, ಮುಂದಿನ ಆಕ್ಸಲ್ ಎರಡರ ರೇಶಿಯೋನೂ ಒಂದೇ ಇರ್ಬೇಕು, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ, ಬೇರೆ ಬೇರೆ ಹಾಕಿ ಗಟ್ಟಿ ನೆಲದಲ್ಲಿ ಫೋರ್‌ವೀಲ್ ಹಾಕಿದ್ರೆ ಟ್ರಾನ್ಸ್‌ಫರ್ ಕೇಸು (ಮುಂದಿನ, ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚೋ ಗೇರ್ ಪೆಟ್ಟಿಗೆ), ಜಾಯಿಂಟುಗಳ ಮೇಲೆ ಒತ್ತಡ ಬಿದ್ದು ಮುರಿಯತ್ತೆ. ಕ್ರೌನ್, ಪಿನಿಯನ್ ಯಾವತ್ತೂ ಜೋಡೀಲೇ ತಗೊಳ್ಳಿ, ಹೊಸದಕ್ಕೆ ಹಳೇದು ಸೇರಿಸಿದ್ರೆ ಕೂಗತ್ತೆ, ಬೇಗ ಸವೆಯತ್ತೆ.

ಆಕ್ಸಲ್ ಶಾಫ್ಟ್, ಕ್ಲಚ್ ಪ್ಲೇಟಿಗೆ ಸ್ಪ್ಲೈನ್ (ಶಾಫ್ಟಿನ ತುದೀಲಿ, ಪ್ಲೇಟಿನ ತೂತಿನ ಒಳಗೆ ಇರೋ ಉದ್ದುದ್ದ ಗೀರಿನಂಥ ಹಲ್ಲು) ಎಣಿಸಿ, ಅಳತೆ ತಗೊಳ್ಳಿ. ಗೇರಿಂದ ಆಕ್ಸಲ್‌ಗೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲಿನಲ್ಲಿರೋ ಕೂಡು ಗುರುತಿನ ಆಕಾರದ ಪಾರ್ಟ್) ಆದ್ರೆ ಅದರ ತುದಿಗಳಲ್ಲಿರೋ ಬೇರಿಂಗ್ ಕಪ್‌ನ ಅಗಲ, ತುದಿಯಿಂದ ತುದಿಗೆ ಉದ್ದ, ಕಪ್ ಹಿಡಿಯೋ ಲಾಕ್ ಒಳಗೋ ಹೊರಗೋ, ಈ ಮೂರೂ ಬೇಕು.

ಬೇರಿಂಗ್ ಸುಲಭ, ಮೇಲೆ ಕೊರೆದಿರೋ ನಂಬರ್ ಸಾಕು, 6205 ಅಂದ್ರೆ ಯಾವ ಕಂಪನಿದಾದ್ರೂ ಒಳಗೆ 25 ಎಂಎಂ, ಹೊರಗೆ 52.

ಬೆಂಗಳೂರಲ್ಲಾದ್ರೆ ಹೊಸದಕ್ಕೆ ಜೆಸಿ ರೋಡು, ಹಳೇದಕ್ಕೆ ಶಿವಾಜಿನಗರದ ಗುಜರಿ. ಗುಜರೀಲಿ ಹಲ್ಲಿನ ಮೇಲೆ ಸಣ್ಣ ಗುಂಡಿ ಬಿದ್ದಿದ್ರೆ, ಬಿಸಿಗೆ ನೀಲಿ ತಿರುಗಿದ್ರೆ ಬಿಟ್ಬಿಡಿ, ನಿಮ್ಮ ಹಳೇದನ್ನ ಪಕ್ಕದಲ್ಲಿಟ್ಟು ಹೊಂದಿಸಿ ನೋಡಿದ್ಮೇಲೇ ದುಡ್ಡು ಕೊಡಿ.