ಹಳೆಯ ಕಾರಿಗೆ ವಿದ್ಯುತ್ ಫ್ಯಾನ್ ಅಳವಡಿಸುವ ಬಗೆ
ಬೆಲ್ಟಿನಿಂದ ತಿರುಗುವ ಫ್ಯಾನ್ ಎಂಜಿನ್‌ನ ವೇಗವನ್ನೇ ಅವಲಂಬಿಸಿರುವುದರಿಂದ, ಮಂಗಳೂರಿನ ಪಂಪ್‌ವೆಲ್‌ನಲ್ಲಿ ವಾಹನಗಳ ನಡುವೆ ನಿಂತಾಗ, ಅಂದರೆ ಎಂಜಿನ್‌ನ ನೀರನ್ನು ತಣಿಸುವ ರೇಡಿಯೇಟರಿಗೆ ಗಾಳಿ ಹೆಚ್ಚು ಬೇಕಾದಾಗಲೇ, ನಿಧಾನವಾಗಿ ಸುತ್ತುತ್ತದೆ. ವಿದ್ಯುತ್ ಫ್ಯಾನ್‌ಗೆ ಈ ಕೊರತೆಯಿಲ್ಲ. ಆದರೆ ವಿದ್ಯುತ್ತಿಗೆ ಹಳೆಯ ಬಗೆಯ ಡೈನಮೋ ಇರುವ ಕಾರಿಗೆ ಮೊದಲು, ಎಂಜಿನ್ ನಿಧಾನವಾಗಿ ಓಡುವಾಗಲೂ ಹೆಚ್ಚು ವಿದ್ಯುತ್ ಕೊಡುವ ಆಲ್ಟರ್ನೇಟರ್ ಹಾಕಿಸುವುದು ಒಳ್ಳೆಯದು.

ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಡಿಸಿ, ಹಳೆಯ ಫ್ಯಾನನ್ನು ಕಳಚಿರಿ. ನೀರಿನ ಪಂಪನ್ನು ತಿರುಗಿಸುವ ಪುಲ್ಲಿ ಮತ್ತು ಬೆಲ್ಟ್ ಅಲ್ಲಿಯೇ ಇರಬೇಕು. ಹೊಸ ಫ್ಯಾನನ್ನು ಕವಚಸಹಿತ ರೇಡಿಯೇಟರಿನ ಹಿಂಬದಿಗೆ, ಗಾಳಿಯನ್ನು ಎಂಜಿನ್‌ನ ಕಡೆಗೆ ಎಳೆಯುವಂತೆ, ಚೌಕಟ್ಟಿಗೆ ಬ್ರಾಕೆಟ್‌ಗಳಿಂದ ಬಿಗಿಯಿರಿ. ರೇಡಿಯೇಟರಿನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕಟ್ಟುವ ರೂಢಿಯನ್ನು ದಯವಿಟ್ಟು ಕೈಬಿಡಿ. ಅದುರಾಟಕ್ಕೆ ಕೊಳವೆಗಳು ಸವೆದು ಸೋರುತ್ತವೆ.

ಹೆಚ್ಚಿನ ಎಚ್ಚರ ಬೇಕಾದುದು ವೈರಿಂಗ್‌ನಲ್ಲಿ. ಫ್ಯಾನ್ ಹೊರಡುವ ಕ್ಷಣದಲ್ಲಿ ವಿದ್ಯುತ್ ಸೆಳೆತ ಬಹಳ ಹೆಚ್ಚಿರುವುದರಿಂದ, ನೀರಿನ ಬಿಸಿಗೆ ತಾನಾಗಿ ಆನ್ ಆಗುವ ಉಷ್ಣ ಸ್ವಿಚ್, ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹರಿಸುವ ರಿಲೇಯನ್ನು ಮಾತ್ರ ನಡೆಸಬೇಕು. ಮೋಟಾರಿನ ವಿದ್ಯುತ್ತು ಬ್ಯಾಟರಿಯ ಸಮೀಪದ ಫ್ಯೂಸ್ ಹಾಗೂ ರಿಲೇಯ ಮೂಲಕ ದಪ್ಪ ತಂತಿಯಲ್ಲಿ ಹರಿಯಬೇಕು. ಬಿಸಿನೀರನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ 82 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯುವುದಾದರೆ ಉಷ್ಣ ಸ್ವಿಚ್ 92ರ ಸುಮಾರಿಗೆ ಆನ್ ಆಗಲಿ. ನಮ್ಮ ಕರಾವಳಿಯ ಉಪ್ಪುಗಾಳಿ ಜೋಡಣೆಗಳನ್ನು ಬೇಗ ತುಕ್ಕು ಹಿಡಿಸುವುದರಿಂದ, ತಂತಿ ಕಾರಿನ ಲೋಹದ ಮೈಗೆ ಸೇರುವ ಅರ್ಥ್ ಬಿಂದುವಿನ ಬಣ್ಣವನ್ನು ಕೆರೆದು ಬಿಗಿದು ಗ್ರೀಸ್ ಸವರಿರಿ.

ಕಾರನ್ನು ನಿಲ್ಲಿಸಿಯೇ ಎಂಜಿನ್ ಓಡಿಸಿ, ಫ್ಯಾನ್ ತಾನಾಗಿ ಹೊರಟು ನಿಲ್ಲುವುದನ್ನು ನೋಡಿದ ನಂತರವೇ ಆಗುಂಬೆ ಘಾಟಿ ಹತ್ತಿರಿ.