ಮೆಡಿಕೇರ್ ಡಾಕ್ಟರಿಗೆ ಎಷ್ಟು ಕೊಡುತ್ತೆ ಅಂತ ನೀವೇ ಲೆಕ್ಕ ಹಾಕೋದು ಹೇಗೆ

ಅಮೆರಿಕದಲ್ಲಿ ಅಪ್ಪ ಅಮ್ಮಂಗೆ ಮೆಡಿಕೇರ್ (ಮುಖ್ಯವಾಗಿ 65 ದಾಟಿದವರ ಸರ್ಕಾರಿ ಆರೋಗ್ಯ ವಿಮೆ) ಇದ್ರೆ ಅವರಿಗೆ ಬರೋ ಸಮರಿ ನೋಟಿಸ್, ಅಂದ್ರೆ ಬಿಲ್‌ಗಳ ವಿವರದ ಪತ್ರ, ತೆಗೆದು ನೋಡಿ, ಡಾಕ್ಟರ್ ಹಾಕಿರೋ ಮೊತ್ತ ಒಂದು, ಮೆಡಿಕೇರ್ ಒಪ್ಪಿರೋದು ಇನ್ನೊಂದು. ಈ ಎರಡನೇದು ಬಾಯಿಗೆ ಬಂದ ರೇಟ್ ಅಲ್ಲ, 1992ರಿಂದ ಅದಕ್ಕೊಂದು ಸೂತ್ರ ಇದೆ.

ಮೊದಲು ನೋಟಿಸ್‌ನಲ್ಲಿ ಚಿಕಿತ್ಸೆಯ ಐದಂಕಿ ಕೋಡ್ ಹುಡುಕಿ. ಹಳೇ ಪೇಷಂಟ್ ಕ್ಲಿನಿಕ್‌ಗೆ ಹೋದ್ರೆ ತುಂಬಾ ಸಲ 99213 ಇರುತ್ತೆ. ಪ್ರತಿ ಕೋಡ್‌ಗೂ ಮೂರು ಥರ ಪಾಯಿಂಟ್ ಇವೆ, ಡಾಕ್ಟರ್ ಶ್ರಮಕ್ಕೆ ಒಂದು, ಬಾಡಿಗೆ ಸ್ಟಾಫ್ ಸಾಮಾನು ಅಂತ ಕ್ಲಿನಿಕ್ ಖರ್ಚಿಗೆ ಒಂದು, ಚಿಕಿತ್ಸೆ ತಪ್ಪಾಗಿ ಕೇಸ್ ಬಿದ್ರೆ ಅಂತ ಮಾಡಿಸೋ ಮಾಲ್‌ಪ್ರಾಕ್ಟೀಸ್ ಇನ್ಶೂರೆನ್ಸ್‌ಗೆ ಒಂದು. ಒಂದೊಂದನ್ನೂ ಆ ಏರಿಯಾದ ಖರ್ಚಿನ ಸೂಚ್ಯಂಕದಿಂದ ಗುಣಿಸಿ, ಮೂರನ್ನೂ ಕೂಡಿ, ಬಂದಿದ್ದನ್ನ ಒಂದು ಪಾಯಿಂಟ್‌ಗೆ ಇಷ್ಟು ಡಾಲರ್ ಅನ್ನೋ ಕನ್ವರ್ಷನ್ ಫ್ಯಾಕ್ಟರ್‌ನಿಂದ ಗುಣಿಸಿ, ರೇಟ್ ಸಿಕ್ತು. 2025ರಲ್ಲಿ ಆ ಫ್ಯಾಕ್ಟರ್ ಸುಮಾರು 32.35 ಡಾಲರ್, 99213ರ ಶ್ರಮದ ಪಾಯಿಂಟ್ 1.30, ಏರಿಯಾ ಸೂಚ್ಯಂಕ 1 ಅಂತಿಟ್ಕೊಂಡ್ರೆ ಶ್ರಮದ ಪಾಲೇ 42 ಡಾಲರ್ ಆಯ್ತು. ಎಲ್ಲಾ ಪಾಯಿಂಟೂ ಮೆಡಿಕೇರ್ ನಡೆಸೋ ಸರ್ಕಾರಿ ಸಂಸ್ಥೆ ಸಿಎಂಎಸ್ ವೆಬ್‌ಸೈಟ್‌ನ ಫೀ ಶೆಡ್ಯೂಲ್ ಲುಕಪ್‌ನಲ್ಲಿ ಫ್ರೀಯಾಗಿ ಸಿಗುತ್ತೆ.

ಅಲ್ಲಿ ಫೆಸಿಲಿಟಿ, ನಾನ್ ಫೆಸಿಲಿಟಿ ಅಂತ ಎರಡು ರೇಟ್ ಕಾಣುತ್ತೆ, ಜನ ಎಡವೋದೇ ಇಲ್ಲಿ. ಆಸ್ಪತ್ರೆಗೆ ಸೇರಿದ ಜಾಗದಲ್ಲಿ ನೋಡಿದ್ರೆ ಡಾಕ್ಟರಿಗೆ ಕಮ್ಮಿ, ಯಾಕಂದ್ರೆ ಖರ್ಚು ಆಸ್ಪತ್ರೆದು, ಆದ್ರೆ ಆಸ್ಪತ್ರೆ ತನ್ನ ಬಿಲ್ ಬೇರೆ ಕಳಿಸುತ್ತೆ, ಹಾಗಾಗಿ ಒಟ್ಟು ಜಾಸ್ತಿನೇ ಆಗಬಹುದು. ಅಪಾಯಿಂಟ್‌ಮೆಂಟ್ ತಗೊಳ್ಳೋವಾಗ್ಲೇ ಇದನ್ನ ಕೇಳಿ, ದಯವಿಟ್ಟು. ಡಿಡಕ್ಟಿಬಲ್ (ವರ್ಷದ ಶುರುವಲ್ಲಿ ನೀವೇ ಕೊಡಬೇಕಾದ ಮೊತ್ತ) ಮುಗಿದ ಮೇಲೂ, ಉಳಿದ ಪಾಲು ಕಟ್ಟೋ ಸಪ್ಲಿಮೆಂಟ್ ಪಾಲಿಸಿ ಇಲ್ದಿದ್ರೆ ಒಪ್ಪಿದ ಮೊತ್ತದ 20% ನಿಮ್ಮ ಕೈಯಿಂದಾನೇ ಹೋಗೋದು.

ಇನ್ನು ಪಾಯಿಂಟ್ ಏರಿತು ಅಂದ್ರೆ ಎಲ್ಲರಿಗೂ ದುಡ್ಡು ಏರಿತು ಅಂತಲ್ಲ. 2021ರಲ್ಲಿ 99213ರ ಶ್ರಮದ ಪಾಯಿಂಟ್ 0.97ರಿಂದ 1.30ಕ್ಕೆ ಹೋಯ್ತು, ಆದ್ರೆ ಪಾಯಿಂಟ್ ಬದಲಾವಣೆಯಿಂದ ಒಟ್ಟು ಖರ್ಚು 2 ಕೋಟಿ ಡಾಲರ್‌ಗಿಂತ ಜಾಸ್ತಿ ಆಚೀಚೆ ಆಗಬಾರದು ಅಂತ ಕಾನೂನಿದೆ, ಅದಕ್ಕೆ ಫ್ಯಾಕ್ಟರ್ 36.09ರಿಂದ 34.89ಕ್ಕೆ ಇಳೀತು, ಅದೂ ಅಮೆರಿಕದ ಸಂಸತ್ತು ಮಧ್ಯೆ ಬಂದು ಸ್ವಲ್ಪ ತುಂಬಿಕೊಟ್ಟ ಮೇಲೆ. ಫ್ಯಾಮಿಲಿ ಡಾಕ್ಟರ್‌ಗಳಿಗೆ ನ್ಯಾಯ ಸಿಕ್ತು, ಅದು ಬೇಕಾಗಿತ್ತು ಕೂಡ, ಫ್ಯಾಕ್ಟರ್ ಇಳಿದಿದ್ದಕ್ಕೆ ಸರ್ಜನ್‌ಗಳು ಗಲಾಟೆ ಮಾಡಿದ್ರು.

ಪಾಯಿಂಟ್ ಎಷ್ಟಿರಬೇಕು ಅಂತ ಸಲಹೆ ಕೊಡೋ ಮುಖ್ಯ ಕಮಿಟಿ ಡಾಕ್ಟರ್‌ಗಳ ಸಂಘ ಎಎಂಎದ್ದೇ, ತೀರ್ಮಾನ ಸಿಎಂಎಸ್‌ದು. ಮುಂದಿನ ವರ್ಷದ ರೇಟ್‌ಗಳ ಕರಡು ಸಾಮಾನ್ಯವಾಗಿ ಜುಲೈನಲ್ಲಿ ಬರುತ್ತೆ, 60 ದಿನ ಯಾರು ಬೇಕಾದ್ರೂ ಆನ್‌ಲೈನ್ ಅಭಿಪ್ರಾಯ ಕಳಿಸಬಹುದು, ಕೋಡ್ ನಂಬರ್ ಹಾಕಿ ನಿಮಗೇನು ತೊಂದರೆ ಆಗ್ತಿದೆ ಅಂತ ನೇರವಾಗಿ ಬರೀರಿ.