ಚರ್ಚಿಲ್ ಗಾರ್ಡನ್ಸ್‌ನಲ್ಲಿ ಮನೆ ಹಿಡಿಯುವ ಮುನ್ನ

ಲಂಡನ್ನಿನ ಪಿಮ್ಲಿಕೋದಲ್ಲಿ, ಥೇಮ್ಸ್ ದಡದ ಮೇಲೇ ಇರುವ ಕೌನ್ಸಿಲ್ ಎಸ್ಟೇಟು ಇದು, ಅಂದರೆ ಸ್ಥಳೀಯ ಆಡಳಿತ ಬಾಡಿಗೆಗೆ ಕೊಡಲೆಂದು ಕಟ್ಟಿಸಿದ ಮನೆಗಳ ಸಮುಚ್ಚಯ. ಪೊವೆಲ್ ಮತ್ತು ಮೋಯಾ ಎಂಬ ಇಬ್ಬರು ಯುವ ವಾಸ್ತುಶಿಲ್ಪಿಗಳು 1946ರಲ್ಲಿ ಸ್ಪರ್ಧೆ ಗೆದ್ದು ನಕ್ಷೆ ಹಾಕಿದರು. ಕಟ್ಟಿ ಮುಗಿದದ್ದು 1962ಕ್ಕೆ. ಸುಮಾರು 1,600 ಮನೆಗಳಿವೆ. ದಡ ಹಿಡಿದು ಅರ್ಧ ಗಂಟೆ ನಡೆದು ನದಿ ದಾಟಿದರೆ, ಲ್ಯಾಂಬೆತ್‌ನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಸಿಗುತ್ತದೆ.

ವರ್ಕ್ ವೀಸಾದವರಿಗೆ ಕೌನ್ಸಿಲ್ ಮನೆ ಸಿಗುವುದಿಲ್ಲ. ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತು ವೀಸಾದಲ್ಲೇ ಇದೆ. ಆದರೆ ರೈಟ್ ಟು ಬೈ ಕಾನೂನಿನಡಿ ಹಿಂದಿನ ಬಾಡಿಗೆದಾರರು ಕೊಂಡುಕೊಂಡ ಫ್ಲ್ಯಾಟುಗಳು ಖಾಸಗಿ ಬಾಡಿಗೆಗೆ ಬರುತ್ತವೆ. ನೀವು ನೋಡಬೇಕಾದದ್ದು ಅವನ್ನೇ.

ಮೋಸ ಆಗುವುದೂ ಇಲ್ಲೇ. ದುಡ್ಡು ಕೊಡುವ ಮುನ್ನ ಲ್ಯಾಂಡ್ ರಿಜಿಸ್ಟ್ರಿಗೆ (ಆಸ್ತಿ ದಾಖಲೆಗಳ ಸರ್ಕಾರಿ ಕಚೇರಿ) ಸಣ್ಣ ಶುಲ್ಕ ಕಟ್ಟಿ ಆ ಫ್ಲ್ಯಾಟಿನ ಲೀಸ್‌ಹೋಲ್ಡ್ (ದೀರ್ಘಾವಧಿ ಗುತ್ತಿಗೆಯ ಒಡೆತನ) ದಾಖಲೆ ತೆಗೆಸಿ. ಅದರಲ್ಲಿರುವ ಹೆಸರಿಗೂ ಕರಾರು ಪತ್ರದ ಮಾಲೀಕರ ಹೆಸರಿಗೂ ತಾಳೆಯಾಗಬೇಕು. ಲೀಸ್‌ಹೋಲ್ಡ್ ದಾಖಲೆಯೇ ಇಲ್ಲದಿದ್ದರೆ, ಕೌನ್ಸಿಲ್ ಬಾಡಿಗೆದಾರರೇ ಕದ್ದುಮುಚ್ಚಿ ಒಳಬಾಡಿಗೆಗೆ ಕೊಡುತ್ತಿರಬಹುದು. 2013ರ ಕಾಯ್ದೆಯ ಪ್ರಕಾರ ಅದು ಅಪರಾಧ. ಸಿಕ್ಕಿಬಿದ್ದ ದಿನ ನಿಮ್ಮ ಮನೆಯೂ ಹೋಗುತ್ತದೆ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಹೆಚ್ಚೆಂದರೆ ಐದು ವಾರದ ಬಾಡಿಗೆಯಷ್ಟು ಡಿಪಾಸಿಟ್. ಅದನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಸಂರಕ್ಷಣಾ ಯೋಜನೆಯಲ್ಲಿ ಇಡಲೇಬೇಕು. ರಸೀದಿ ಕೇಳಿ ಇಟ್ಟುಕೊಳ್ಳಿ.

ಎಸ್ಟೇಟಿನ ನಡುವೆ ಗಾಜು ಹೊದ್ದ ಎತ್ತರದ ಗೋಪುರವೊಂದಿದೆ. ಅದು ಬಿಸಿನೀರಿನ ಭಾರಿ ಹಂಡೆ. ಎದುರು ದಡದ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದಲ್ಲಿ ಪೋಲಾಗುತ್ತಿದ್ದ ಶಾಖ ಬಿಸಿನೀರಾಗಿ ನದಿಯಡಿಯ ಪೈಪುಗಳಲ್ಲಿ ಇಲ್ಲಿಗೆ ಬರುತ್ತಿತ್ತು. ಎಷ್ಟು ಸೊಗಸಾದ ಯೋಚನೆ! ಸ್ಥಾವರ 1983ರಲ್ಲಿ ನಿಂತಿತು. ಈಗ ಎಸ್ಟೇಟಿನದೇ ಬಾಯ್ಲರುಗಳು ಅದೇ ಪೈಪು ಜಾಲಕ್ಕೆ ಶಾಖ ಕೊಡುತ್ತವೆ. ಹಾಗಾಗಿ ಜಾಲಕ್ಕೆ ಸೇರಿದ ಫ್ಲ್ಯಾಟಿನಲ್ಲಿ ಬಾಯ್ಲರ್ ಹುಡುಕಬೇಡಿ. ಶಾಖದ ಲೆಕ್ಕ ಸಾಮಾನ್ಯವಾಗಿ ಮಾಲೀಕರು ಕೌನ್ಸಿಲ್‌ಗೆ ಕಟ್ಟುವ ನಿರ್ವಹಣಾ ಶುಲ್ಕಕ್ಕೆ (ಸರ್ವಿಸ್ ಚಾರ್ಜ್) ಸೇರುತ್ತದೆ. ಹೀಟಿಂಗ್ ಮತ್ತು ಬಿಸಿನೀರು ಬಾಡಿಗೆಯಲ್ಲೇ ಸೇರಿದೆಯೇ ಎಂಬುದನ್ನು ಕರಾರಿನಲ್ಲಿ ಬರೆಸಿ. ಕರೆಂಟು, ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತದ ಮನೆ ತೆರಿಗೆ) ಬೇರೆ.

ಚಳಿಗಾಲದಲ್ಲಿ ಕುಕ್ಕರಿನ ಹಬೆ, ಒಣಹಾಕಿದ ಬಟ್ಟೆಯ ತೇವ ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗುತ್ತದೆ. ಬೀರುವಿನ ಹಿಂದೆ ಕರಿ ಬೂಷ್ಟು ಹಿಡಿಯುತ್ತದೆ. ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆರೆದು ಬೇಯಿಸಿ. ಬೀರುವನ್ನು ಹೊರಗೋಡೆಯಿಂದ ಒಂದು ಗೇಣಾದರೂ ದೂರ ಇಡಿ.

ದೇವರ ಫೋಟೋಗೆಂದು ಗೋಡೆ ಕೊರೆಯುವ ಮುನ್ನ ಮಾಲೀಕರನ್ನು ಕೇಳಿ. ಆ ಕಾಲದ ಕಟ್ಟಡಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಅಂಟಿಸುವ ಕೊಕ್ಕೆ ಸಾಕು.